ಎದುರು ಮನೆಯವರು ಕ್ಯಾಮೆರಾ ಇಟ್ಟಿದ್ದಾರೆ ಅಂತಾನೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಮೆಥಾಂಫೆಟಮಿನ್ ಅನ್ನುವ ಮಾದಕ ವಸ್ತು, ಅಂದರೆ ಮೆಥ್, ಹುಡುಗರ ಬಾಯಲ್ಲಿ ಐಸ್ ಅಥವಾ ಕ್ರಿಸ್ಟಲ್. ನಿದ್ದೆ ಬರಲ್ಲ, ಗ್ಯಾಸ್ಟ್ರಿಕ್ಕು, ಮೈಗ್ರೇನು ಅಂತ ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮದ್ದೂರು ಕಡೆ ಹಳ್ಳಿ. ಮಗನಿಗೆ 23 ವರ್ಷ. ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲೇ ಹುಡುಗರ ಜೊತೆ ರೂಮು ಮಾಡಿಕೊಂಡು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಹೋದ ವಾರ ಹೇಳದೆ ಕೇಳದೆ ಊರಿಗೆ ಬಂದ. ಕಣ್ಣು ಕೆಂಪಗೆ, ಕೆನ್ನೆ ಒಳಕ್ಕೆ ಹೋಗಿತ್ತು. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಸ್ವಿಚ್ ಬೋರ್ಡ್ ಬಿಚ್ಚಿ ಸ್ಕ್ರೂಗಳನ್ನೆಲ್ಲ ಪೇಪರ್ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದ. ಮತ್ತೆ ಹಾಕುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಎದುರು ಮನೆಯವರು ಕ್ಯಾಮೆರಾ ಇಟ್ಟಿದ್ದಾರೆ, ಬೋರ್‌ವೆಲ್ ಹತ್ತಿರ ನಿಂತು ನನ್ನ ಬಗ್ಗೆಯೇ ಮಾತಾಡ್ತಾರೆ ಅಂತಾನೆ. ಒಳಗೆ ಹುಳ ಹರಿದಾಡುತ್ತೆ ಅಂತ ಮುಂಗೈ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದಾನೆ. ರೂಮಿನ ಹುಡುಗನಿಗೆ ಫೋನ್ ಮಾಡಿದರೆ ‘ಆಂಟಿ, ಅವ್ನು ಐಸ್ ಸೇದ್ತಿದ್ದ, ಆರು ತಿಂಗಳಾಯ್ತು’ ಅಂದ. ನಮ್ಮಣ್ಣ ಯಾರೋ ಮಾಟ ಮಾಡಿಸಿದ್ದಾರೆ, ಯಂತ್ರ ಕಟ್ಟಿಸೋಣ ಅಂತಿದ್ದಾನೆ. ನಮ್ಮನೆಯವರು ಹುಚ್ಚು ಹಿಡಿದಿದೆ, ಇನ್ನು ಇವನ ಕಥೆ ಮುಗೀತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಈಗ ಎರಡು ದಿನದಿಂದ ಬರೀ ಮಲಗಿದ್ದಾನೆ. ಎದ್ದರೆ ಅದೇ ಅನುಮಾನ. ಇದು ವಾಸಿ ಆಗುತ್ತಾ?
ತಾಯಿ, ಮದ್ದೂರು ತಾಲ್ಲೂಕು

ಉತ್ತರ: ಅಮ್ಮ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬಹಳಷ್ಟು ಜನರಿಗೆ ವಾಸಿ ಆಗುತ್ತದೆ. ಕಥೆ ಮುಗಿದಿಲ್ಲ. ಆದರೆ ತಾನಾಗೇ ಸರಿಹೋಗಲಿ ಅಂತ ಕಾಯುತ್ತಾ ಕೂರುವ ಕಾಯಿಲೆಯೂ ಇದಲ್ಲ.

ನೀವು ಬರೆದಿರುವುದರಲ್ಲಿ ಯಾವುದೂ ನಮಗೆ ಹೊಸದಲ್ಲ, ಸ್ಕ್ರೂ ಜೋಡಿಸುವುದೂ ಸೇರಿ. ಮೆಥ್ ಜಾಸ್ತಿ ತೆಗೆದುಕೊಂಡವರು ಗಂಟೆಗಟ್ಟಲೆ ಒಂದೇ ಕೆಲಸ ಮಾಡುತ್ತಾ ಕೂರುತ್ತಾರೆ. ಮೊಬೈಲು, ರೇಡಿಯೊ, ಬೈಕಿನ ಪಾರ್ಟು ಬಿಚ್ಚುತ್ತಾರೆ, ಜೋಡಿಸುತ್ತಾರೆ. ಚರ್ಮದ ಕೆಳಗೆ ಹುಳ ಓಡಾಡಿದ ಹಾಗೆ ಅನ್ನಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವುದು, ಇಲ್ಲದ ಮಾತು ಕೇಳಿಸುವುದು, ಇವೆಲ್ಲ ಒಟ್ಟಿಗೇ ಬರುತ್ತವೆ. ಇದಕ್ಕೆ ಮೆಥ್ ಸೈಕೋಸಿಸ್ ಅನ್ನುತ್ತಾರೆ.

ಯಾಕೆ ಹೀಗಾಗುತ್ತದೆ? ನಮ್ಮ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಇದೆ. ಖುಷಿ ಕೊಡುವುದಷ್ಟೇ ಅದರ ಕೆಲಸ ಅಂತ ಜನ ಅಂದುಕೊಂಡಿದ್ದಾರೆ, ಆದರೆ ‘ಇದು ಮುಖ್ಯ, ಇದನ್ನು ಗಮನಿಸು’ ಅಂತ ಗುರುತು ಹಾಕುವುದೂ ಅದರದೇ ಕೆಲಸ. ಮೆಥ್ ಒಳಗೆ ಹೋದಾಗ ಡೋಪಮೈನ್ ವಿಪರೀತ ಹೊರಗೆ ಬರುತ್ತದೆ, ವಾಪಸ್ ಒಳಗೆ ಹೋಗುವ ದಾರಿಯೂ ಕಟ್ಟಿಹೋಗುತ್ತದೆ. ಆಗ ಯಾವ ಅರ್ಥವೂ ಇಲ್ಲದ ವಿಷಯಕ್ಕೆಲ್ಲ ಆ ಗುರುತು ಬೀಳುತ್ತದೆ. ಎದುರು ಮನೆಯಲ್ಲಿ ಯಾರೋ ಕೆಮ್ಮಿದರು, ಬೈಕೊಂದು ಬಾಗಿಲ ಮುಂದೆ ಸ್ಲೋ ಆಯ್ತು, ಬೋರ್‌ವೆಲ್ ಹತ್ತಿರ ಇಬ್ಬರು ಹೆಂಗಸರು ನಕ್ಕರು. ನಿಮಗೆ ಅದು ಕಿವಿಗೇ ಬೀಳುವುದಿಲ್ಲ. ಅವನಿಗೆ ಅದೆಲ್ಲ ತನಗೆ ಸಂಬಂಧಪಟ್ಟಿದ್ದೇ ಅನ್ನಿಸುತ್ತದೆ. ಕೊಕೇನ್ ಒಂದು ಗಂಟೆ ಹೊತ್ತಿಗೆ ಅರ್ಧ ಕರಗಿರುತ್ತದೆ, ಮೆಥ್ ಅರ್ಧ ಆಗುವುದಕ್ಕೇ 10ರಿಂದ 12 ಗಂಟೆ ಬೇಕು. ಅದರ ಮೇಲೆ ಮೂರು ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟರೆ ಸಾಮಾನ್ಯ ಮನುಷ್ಯನಿಗೇ ತಲೆ ಕೆಡುತ್ತದೆ, ಅಲ್ವಾ?

ನಿಮ್ಮ ಯಜಮಾನರ ಮಾತಿಗೆ ಬರೋಣ. ಮೆಥ್ ನಿಲ್ಲಿಸಿ ನಿದ್ದೆ, ಊಟ ಸರಿಯಾದರೆ ಹೆಚ್ಚಿನವರಲ್ಲಿ ಈ ಅನುಮಾನ ಕೆಲವು ದಿನದಿಂದ ಕೆಲವು ವಾರದೊಳಗೆ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ ಸ್ಕಿಜೋಫ್ರೇನಿಯಾದಂಥ ಬೇರೆ ಕಾಯಿಲೆ ಇದೆಯಾ ಅಂತ ಡಾಕ್ಟರು ನೋಡುತ್ತಾರೆ. ಕೆಲವರಿಗೆ ಹಾಗೆ ಉಳಿಯುತ್ತದೆ, ಅದರಲ್ಲೂ ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ. ಅದಕ್ಕೂ ಔಷಧಿ ಇದೆ. ಇವತ್ತೇ ಅದರ ಹೆಸರು ಹಚ್ಚಿ ಅಳುತ್ತಾ ಕೂರುವುದು ಬೇಡ.

ಮನೆಯಲ್ಲಿ ಏನು ಮಾಡಬೇಕು ಅಂದರೆ, ವಾದ ಮಾಡಬೇಡಿ. ಹೌದು ಅಂತ ತಲೆಯನ್ನೂ ಆಡಿಸಬೇಡಿ. ‘ಕ್ಯಾಮೆರಾ ಎಲ್ಲಿದೆ ತೋರಿಸು’ ಅಂತ ಎದುರು ಮನೆಗೆ ಎಳೆದುಕೊಂಡು ಹೋದರೆ ಜಗಳ ಆಗುತ್ತದೆಯೇ ಹೊರತು ಅನುಮಾನ ಹೋಗುವುದಿಲ್ಲ. ‘ನಿಂಗೆ ತುಂಬಾ ಭಯ ಆಗ್ತಿದೆ ಕಣಪ್ಪಾ, ಗೊತ್ತಾಗ್ತಿದೆ. ನಂಗೇನೂ ಕಾಣಿಸ್ತಿಲ್ಲ. ಆದ್ರೆ ನಾನಿಲ್ಲೇ ಇದೀನಿ’ ಅನ್ನಿ. ಅಷ್ಟು ಸಾಕು. ಒಬ್ಬರೇ ಮಾತಾಡಿ, ಮೆಲ್ಲಗೆ ಮಾತಾಡಿ. ಟಿವಿ ಆಫ್ ಮಾಡಿ. ಹಿಂದಿನಿಂದ ಹೋಗಿ ಭುಜ ಹಿಡಿಯಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ನೋಡುವುದಕ್ಕೆ ಅಂತ ನೆಂಟರು ಗುಂಪು ಕಟ್ಟಿಕೊಂಡು ಬರುವುದನ್ನು ದಯವಿಟ್ಟು ನಿಲ್ಲಿಸಿ.

ನಿಮ್ಮಣ್ಣನ ಯಂತ್ರದ ಬಗ್ಗೆ ಒಂದು ಮಾತು. ನಿಮ್ಮ ನಂಬಿಕೆ ನಿಮ್ಮದು, ನಾನು ಜಗಳಕ್ಕೆ ಬರಲ್ಲ. ಆದರೆ ‘ಯಾರೋ ಮಾಡಿಸಿದ್ದಾರೆ’ ಅನ್ನುವ ಮಾತು ಆ ಹುಡುಗನ ಕಿವಿಗೆ ಬಿದ್ದರೆ ಅವನ ಅನುಮಾನಕ್ಕೆ ಸೋದರಮಾವನೇ ಸಾಕ್ಷಿ ಹೇಳಿದ ಹಾಗಾಗುತ್ತದೆ. ಯಾರು ಮಾಡಿಸಿದ್ದು ಅಂತ ಅವನು ಕೇಳುತ್ತಾನೆ, ಉತ್ತರವೂ ಅವನ ಹತ್ತಿರ ರೆಡಿ ಇದೆ: ಎದುರು ಮನೆಯವರು. ಆಮೇಲೆ ಏನು ಬೇಕಾದರೂ ಆಗಬಹುದು. ಆ ಮಾತು ಮನೆಯಲ್ಲಿ ಬರಲೇಬಾರದು.

ಈಗ ಇವತ್ತೇ ಮಾಡಬೇಕಾದ ಕೆಲಸ. ಮನೆಯಲ್ಲಿರುವ ಮಚ್ಚು, ಕುಡುಗೋಲು, ಕಬ್ಬು ಕಡಿಯುವ ಕತ್ತಿ ಎಲ್ಲವನ್ನೂ ಬೇರೆಯವರ ಮನೆಗೆ ಸಾಗಿಸಿ. ಅದಕ್ಕಿಂತ ಮುಖ್ಯ, ಗದ್ದೆಗೆ ಹೊಡೆಯುವ ಔಷಧಿ. ಮಂಡ್ಯ ಕಡೆ ಮನೆಗಳಲ್ಲಿ ಅದು ಹಿತ್ತಿಲ ಬಾಗಿಲ ಹಿಂದೆಯೋ ಗೊಬ್ಬರದ ಮೂಟೆ ಪಕ್ಕದಲ್ಲೋ ಕೈಗೆಟುಕುವ ಹಾಗೇ ಇರುತ್ತದೆ. ನಿಮ್ಮ ಮಗ ಎರಡು ದಿನದಿಂದ ಮಲಗಿದ್ದಾನೆ ಅಂದಿರಲ್ಲ, ಅದು ಮೆಥ್ ಇಳಿದ ಮೇಲೆ ಬರುವ ಸುಸ್ತು. ಇದರಿಂದ ಎದ್ದ ಮೇಲಿನ ದಿನಗಳಲ್ಲೇ ಮನಸ್ಸು ತೀರಾ ಕುಸಿಯುವುದು, ಸಾಯಬೇಕು ಅನ್ನಿಸುವುದು. ಕೂಗಾಟ ನಿಂತಿತು, ಹುಡುಗ ತಣ್ಣಗಾದ ಅಂತ ಮನೆಯವರು ನಿಟ್ಟುಸಿರು ಬಿಡುವುದೂ ಅದೇ ದಿನಗಳಲ್ಲಿ. ಗದ್ದೆ ಔಷಧಿಯ ಡಬ್ಬ ಒಂದೂ ಮನೆಯಲ್ಲಿ ಇರಕೂಡದು. ಒಂದು ವಾರ ಅವನನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ವಿಚಾರಿಸಿ. ಮದುವೆಗೆ ಹೋಗೋಣ, ದೇವಸ್ಥಾನಕ್ಕೆ ಹೋಗೋಣ ಅಂತ ಸುಳ್ಳು ಹೇಳಿ ಕಾರು ಹತ್ತಿಸಬೇಡಿ. ಎಲ್ಲರೂ ತನ್ನ ವಿರುದ್ಧ ಸೇರಿಕೊಂಡಿದ್ದಾರೆ ಅನ್ನುವವನಿಗೆ ಮನೆಯವರೇ ಮೋಸ ಮಾಡಿದರೆ ಆಮೇಲೆ ಮಾತ್ರೆಯಲ್ಲೂ ವಿಷ ಕಾಣಿಸುತ್ತದೆ. ‘ನಿದ್ದೆ ಕೆಟ್ಟಿದೆ, ಕೈ ಗಾಯ ಕೀವಾಗುತ್ತೆ, ತೋರಿಸೋಣ ಬಾ’ ಅನ್ನಿ. ಅದು ನಿಜವೂ ಹೌದು. ತೀರಾ ಬರಲ್ಲ ಅಂದು, ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾವುದೇ ನೋಂದಾಯಿತ ಡಾಕ್ಟರು 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಎದೆನೋವು, ಫಿಟ್ಸ್, ಮೈ ಸುಡುವಷ್ಟು ಜ್ವರ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಅರ್ಧರಾತ್ರಿ ಏನು ಮಾಡಬೇಕೋ ತೋಚದಿದ್ದರೆ 14416, ಇದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪೊಲೀಸು ಕೇಸು ಆಗುತ್ತಾ ಅಂತ ನೀವು ಕೇಳಿಲ್ಲ, ಆದರೆ ಆ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆಗೆ ಬರುವುದಿಲ್ಲ. ಡಾಕ್ಟರ ಹತ್ತಿರ ಹೇಳಿದ್ದು ಗುಟ್ಟಾಗಿರುತ್ತದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲೇ, ರಕ್ಷಣೆ ಇದೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನ ಮಟ್ಟಿಗೆ. ಮಾರುವವರಿಗೆ ಇಲ್ಲ. ಆದ್ದರಿಂದ ಏನು ತೆಗೆದುಕೊಂಡ, ಯಾವಾಗ, ಎಷ್ಟು ಅನ್ನುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಇನ್ನೊಂದು, ಊರಾಚೆ ಎಲ್ಲೋ ಇರುವ ‘ಬಿಡಿಸುವ ಕೇಂದ್ರ’ಕ್ಕೆ ಕಣ್ಣುಮುಚ್ಚಿ ಸೇರಿಸಬೇಡಿ. ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ, ಮನೆಯವರನ್ನು ಒಳಗೆ ಬಿಡುತ್ತಾರಾ ಅಂತ ಕೇಳಿ. ಸರಪಳಿ ಹಾಕುವುದು ಕಾನೂನಿನಲ್ಲೇ ನಿಷೇಧ.

ಸರಿಹೋದ ಮೇಲೂ ಒಂದು ವಿಷಯ ನೆನಪಿರಲಿ. ಒಂದು ಸಲ ಹೀಗೆ ಆದವರಿಗೆ ಮುಂದಿನ ಸಲ ಕಡಿಮೆ ಮಾಲಿಗೇ ಆಗಬಹುದು. ಕೆಲವರಿಗೆ ಮೆಥ್ ಇಲ್ಲದೆ, ಬರೀ ನಿದ್ದೆಗೇಡು, ಟೆನ್ಷನ್ನು, ಎಣ್ಣೆ ಸೇರಿದರೂ ಅನುಮಾನ ಮತ್ತೆ ತಲೆ ಎತ್ತುತ್ತದೆ. ಹಳೇ ರೂಮಿಗೆ ವಾಪಸ್ ಕಳಿಸುವ ಮುಂಚೆ ನಾಲ್ಕು ಸಲ ಯೋಚಿಸಿ.

ಪ್ರಶ್ನೆ: ನಮ್ಮಣ್ಣನಿಗೆ 29. ಆಸ್ಪತ್ರೆಗೆ ಸೇರಿಸಿ ಮೆಥ್ ಬಿಡಿಸಿ ನಾಲ್ಕು ತಿಂಗಳಾಯಿತು. ಮತ್ತೆ ಮುಟ್ಟಿಲ್ಲ. ಭಯ, ಅನುಮಾನ ಎಲ್ಲ ಹೋಗಿದೆ. ಆದರೆ ಮನುಷ್ಯನೇ ಬೇರೆ ಆಗಿಬಿಟ್ಟಿದ್ದಾನೆ. ಭಾನುವಾರ ಬೆಳಿಗ್ಗೆ ದೋಸೆ ತಿನ್ನೋಕೆ ಅಂತಲೇ ಅಗ್ರಹಾರದ ತನಕ ನಮ್ಮನ್ನೆಲ್ಲ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದವನು ಈಗ ತಟ್ಟೆ ಮುಂದಿಟ್ಟರೂ ಸುಮ್ನೆ ನೋಡುತ್ತಾನೆ. ಕ್ರಿಕೆಟ್ ಬೇಡ, ಫ್ರೆಂಡ್ಸ್ ಬೇಡ. ಹೇಳಿದ್ದು ಮರೆಯುತ್ತಾನೆ. ಅಪ್ಪ ಸೋಂಬೇರಿ ಅಂತ ದಿನಾ ಬೈಯುತ್ತಾರೆ. ಮಿದುಳು ಹಾಳಾಗಿದೆಯಾ? ಮಾತ್ರೆ ಇಲ್ವಾ?
ತಂಗಿ, ಕುವೆಂಪುನಗರ, ಮೈಸೂರು

ಉತ್ತರ: ಅಪ್ಪನಿಗೆ ಈ ಉತ್ತರ ಓದಿಸಿ. ಸೋಂಬೇರಿತನ ಅಲ್ಲ ಇದು. ಇಷ್ಟು ದಿನ ಮೆಥ್ ಕೊಟ್ಟ ವಿಪರೀತ ಡೋಪಮೈನ್ ಮುಂದೆ ದೋಸೆ, ಕ್ರಿಕೆಟ್ಟು, ತಂಗಿ ಜೊತೆ ಹರಟೆ ಯಾವುದೂ ಲೆಕ್ಕಕ್ಕೇ ಇರಲಿಲ್ಲ. ಆ ಭರಾಟೆಗೆ ಮಿದುಳು ತನ್ನ ಕಡೆಯಿಂದ ಎಲ್ಲವನ್ನೂ ತಗ್ಗಿಸಿಕೊಂಡಿತ್ತು. ಈಗ ಮೆಥ್ ನಿಂತಿದೆ, ತಗ್ಗಿಸಿದ್ದು ಮಾತ್ರ ಇನ್ನೂ ಮೇಲೆ ಬಂದಿಲ್ಲ. ಅದಕ್ಕೇ ಎಲ್ಲವೂ ಸಪ್ಪೆ.

ಮೇಲೆ ಬರುತ್ತದಾ? ಬಹುಪಾಲು ಬರುತ್ತದೆ, ನಿಧಾನಕ್ಕೆ. 2001ರಲ್ಲಿ ಅಮೆರಿಕದ ಸಂಶೋಧಕರು ಮೆಥ್ ಬಿಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಭಾಗಗಳು ಬಿಟ್ಟ ಹೊಸದರಲ್ಲಿ ಕಡಿಮೆ ಇದ್ದವು. 12ರಿಂದ 17 ತಿಂಗಳು ದೂರ ಇದ್ದ ಮೇಲೆ ಚೆನ್ನಾಗಿಯೇ ಚೇತರಿಸಿಕೊಂಡಿದ್ದವು. ನೆನಪು ಮತ್ತು ಚುರುಕಿನ ಪರೀಕ್ಷೆಯಲ್ಲಿ ಮಾತ್ರ ಅಷ್ಟೇ ಪೂರ್ತಿ ಸುಧಾರಣೆ ಕಾಣಲಿಲ್ಲ. ಅಂದರೆ ನಾಲ್ಕು ತಿಂಗಳಿಗೆ ತೀರ್ಪು ಕೊಡುವ ಹಾಗಿಲ್ಲ, ಒಂದೂವರೆ ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ನೋಡಮ್ಮಾ, ಇದು ಹೇಳುವುದಕ್ಕೆ ಸುಲಭ, ಒಂದೇ ಮನೆಯಲ್ಲಿ ಇದ್ದುಕೊಂಡು ಕಾಯುವುದು ಕಷ್ಟ, ನನಗೆ ಗೊತ್ತು.

ಮಾತ್ರೆ ವಿಷಯ. ಮೆಥ್ ಚಟಕ್ಕೆ ಅಂತಲೇ ಗಟ್ಟಿಯಾಗಿ ನಿಂತ ಔಷಧಿ ಇನ್ನೂ ಇಲ್ಲ. 2021ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಮತ್ತು ಬ್ಯುಪ್ರೊಪಿಯಾನ್ ಮಾತ್ರೆ ಒಟ್ಟಿಗೆ ಕೊಟ್ಟಾಗ ಶೇ. 13.6 ಜನರಿಗೆ ಉಪಯೋಗ ಆಯಿತು, ಖಾಲಿ ಔಷಧಿ ಕೊಟ್ಟವರಲ್ಲಿ ಶೇ. 2.5. ಏನೂ ಇಲ್ಲದ್ದಕ್ಕಿಂತ ವಾಸಿ, ಪವಾಡ ಅಂತೂ ಅಲ್ಲ. ಆದರೆ ಅಣ್ಣನಿಗೆ ಈಗ ಇರುವುದು ಖಿನ್ನತೆಯೂ ಆಗಿರಬಹುದು. ಅದಕ್ಕೆ ಬೇರೆ ಮಾತ್ರೆಗಳಿವೆ. ಬಿಡಿಸಿ ಮನೆಗೆ ಕಳಿಸಿದ ಮೇಲೆ ಒಂದು ಸಲವಾದರೂ ಡಾಕ್ಟರಿಗೆ ವಾಪಸ್ ತೋರಿಸಿದ್ದೀರಾ? ಪತ್ರದಲ್ಲಿ ಅದು ಇಲ್ಲ. ಈ ವಾರವೇ ಹೋಗಿ.

ಮೆಥ್ ವಿಷಯದಲ್ಲಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿರುವುದು ಕೇಳಿದರೆ ನಿಮ್ಮಪ್ಪ ನಗಬಹುದು: ಬಹುಮಾನ. ಯೂರಿನ್ ಟೆಸ್ಟ್ ಕ್ಲೀನ್ ಬಂದಾಗಲೆಲ್ಲ ಒಂದು ಸಣ್ಣ ಕೂಪನ್ನು, ಸತತವಾಗಿ ಬಂದರೆ ಸ್ವಲ್ಪ ದೊಡ್ಡದು. ‘ದುಡ್ಡು ಕೊಟ್ಟು ಚಟ ಬಿಡಿಸೋದಾ’ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಸಪ್ಪೆಯಾಗಿರುವ ಮಿದುಳಿಗೆ ‘ಒಂದು ವರ್ಷ ಬಿಟ್ಟು ಒಳ್ಳೇದಾಗುತ್ತೆ’ ಅನ್ನುವ ಮಾತು ಮುಟ್ಟುವುದೇ ಇಲ್ಲ, ಇವತ್ತು ಕೈಗೆ ಸಿಗುವುದು ಮುಟ್ಟುತ್ತದೆ. ಮನೆಯಲ್ಲಿ ಮಾಡುವುದಾದರೆ ಕೈಗೆ ನಗದು ಬೇಡ. ಸಂಬಳದ ದಿನ ಜೇಬಲ್ಲಿ ದುಡ್ಡು ಇದ್ದರೆ ಹಳೇ ನಂಬರಿಗೆ ಫೋನ್ ಹೋಗಿಬಿಡುತ್ತದೆ. ಬೈಕಿಗೆ ಪೆಟ್ರೋಲ್ ಹಾಕಿಸಿ, ಸಿನಿಮಾ ಟಿಕೆಟ್ ತನ್ನಿ. ಬೆಳಿಗ್ಗೆ ಏಳುವ ಹೊತ್ತು, ಊಟದ ಹೊತ್ತು ಒಂದೇ ಇರಲಿ. ದೋಸೆಗೆ ಅವನು ಕರೆಯುತ್ತಾನೆ ಅಂತ ಕಾಯಬೇಡಿ, ನೀವು ಎಬ್ಬಿಸಿಕೊಂಡು ಹೋಗಿ, ಖುಷಿಯಾಯ್ತಾ ಅಂತ ಮಾತ್ರ ಕೇಳಬೇಡಿ. ಬೈಗುಳ ನಿಲ್ಲಬೇಕು. ಬೈದ ದಿನ ಎದ್ದು ಹೊರಗೆ ಹೋದವನು ಎಲ್ಲಿಗೆ ಹೋಗುತ್ತಾನೆ ಅಂತ ಅಪ್ಪನಿಗೇ ಯೋಚಿಸಲು ಹೇಳಿ.

ಪ್ರಶ್ನೆ: ನನಗೆ 26. ನೈಟ್ ಶಿಫ್ಟ್. ವೀಕೆಂಡ್ ಮಾತ್ರ, ಅದೂ ಫ್ರೆಂಡ್ಸ್ ಜೊತೆ ಸ್ವಲ್ಪ. ಕಂಟ್ರೋಲ್‌ನಲ್ಲೇ ಇದೀನಿ. ಯುದ್ಧದಲ್ಲಿ ಸೈನಿಕರಿಗೇ ಕೊಡ್ತಿದ್ರಂತೆ, ಅಷ್ಟೊಂದು ಕೆಟ್ಟದಾಗಿದ್ರೆ ಕೊಡ್ತಿದ್ರಾ? ನೀವು ಡಾಕ್ಟರುಗಳು ಸುಮ್ನೆ ಹೆದರಿಸ್ತೀರಾ ಅನ್ಸುತ್ತೆ.
ಹೆಸರು ಬೇಡ, ಮೈಸೂರು

ಉತ್ತರ: ಕೊಡ್ತಿದ್ದರು, ನಿಜ. ಮೆಥಾಂಫೆಟಮಿನ್ ಮೊದಲು ತಯಾರಾಗಿದ್ದು ಜಪಾನಿನಲ್ಲಿ, 1893ರಲ್ಲಿ. 1938ರಲ್ಲಿ ಜರ್ಮನಿಯಲ್ಲಿ ಪರ್ವಿಟಿನ್ ಅನ್ನುವ ಹೆಸರಲ್ಲಿ ಮಾತ್ರೆಯಾಗಿ ಅಂಗಡಿಗೆ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ನಿಮಗೆ ಯಾರೋ ಅರ್ಧ ಕಥೆ ಹೇಳಿದ್ದಾರೆ. 1941ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಅದೇ ಜರ್ಮನಿ ಅದನ್ನು ಅಫೀಮು ಕಾನೂನಿನ ಕೆಳಗೆ ತಂದಿತು. ಜಪಾನಿನಲ್ಲಿ ಯುದ್ಧ ಮುಗಿದ ಮೇಲೆ ಉಳಿದ ಮಾಲು ಜನರ ಕೈಗೆ ಸಿಕ್ಕಿ, ಚಟ ಹಬ್ಬಿ, ಅನುಮಾನ ಹಿಡಿದವರು ಆಸ್ಪತ್ರೆಗಳಿಗೆ ಬಂದು, ಕೊನೆಗೆ 1951ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಮೊದಲ ಪ್ರಶ್ನೆಯಲ್ಲಿ ಆ ತಾಯಿ ಬರೆದಿರುವುದನ್ನೇ ಜಪಾನಿನ ಡಾಕ್ಟರುಗಳು ಆಗಲೇ ಬರೆದಿಟ್ಟಿದ್ದಾರೆ.

ಕಂಟ್ರೋಲ್ ಬಗ್ಗೆ ಎರಡೇ ಪ್ರಶ್ನೆ ಕೇಳುತ್ತೇನೆ, ಉತ್ತರ ನನಗೆ ಬೇಡ. ಸೋಮವಾರ, ಮಂಗಳವಾರ ಹೇಗಿರುತ್ತೀರಿ? ಯಾರ ಮೇಲಾದರೂ ಸುಮ್ಮಸುಮ್ಮನೆ ರೇಗುವುದು, ಅಳು ಬರುವುದು, ಕೆಲಸದಲ್ಲಿ ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸುವುದು ಇದೆಯಾ? ಇದ್ದರೆ ಅದು ಶಿಫ್ಟಿನ ಸುಸ್ತಲ್ಲ. ಎರಡನೆಯದು, ವೀಕೆಂಡು ಈಗ ಗುರುವಾರಕ್ಕೇ ಶುರುವಾಗುತ್ತಿದೆಯಾ?

ಹಾಗೇ, ನೀವು ತೆಗೆದುಕೊಳ್ಳುತ್ತಿರುವುದು ಮೆಥ್ ಅಂತ ನಿಮಗೆ ಹೇಗೆ ಗೊತ್ತು? ನಮ್ಮಲ್ಲಿ ಎಂ.ಡಿ., ಎಂಡಿಎಂಎ, ಐಸ್ ಎಲ್ಲವನ್ನೂ ಹುಡುಗರು ಕಲಸಿ ಮಾತಾಡುತ್ತಾರೆ. ಮೂರೂ ಬೇರೆ ಬೇರೆ. ಎಂ.ಡಿ. ಅಂದರೆ ಸಾಮಾನ್ಯವಾಗಿ ಮೆಫೆಡ್ರೋನ್ ಅನ್ನುವ ಇನ್ನೊಂದು ಮಾದಕ ವಸ್ತು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ನಮ್ಮ ಮೈಸೂರಿನಲ್ಲೇ ದಾಳಿ ಮಾಡಿದ್ದು ಅದನ್ನು ತಯಾರಿಸುತ್ತಿದ್ದ ಜಾಗದ ಮೇಲೆ. ಪೊಟ್ಟಣದಲ್ಲಿ ಏನಿದೆ ಅನ್ನುವುದು ಮಾರುವವನಿಗೂ ಗೊತ್ತಿರುವುದಿಲ್ಲ. ಜೊತೆಗೆ ಎಣ್ಣೆ ಹಾಕಿದರೆ ಹೃದಯದ ಮೇಲೆ ಎರಡು ಕಡೆಯಿಂದ ಹೊರೆ.

ನೈಟ್ ಶಿಫ್ಟಿಗೆ ಎಚ್ಚರ ಇರಬೇಕು ಅಂತ ಶುರುವಾಗಿದ್ದರೆ ಮ್ಯಾನೇಜರ್ ಹತ್ತಿರ ಶಿಫ್ಟ್ ಬದಲಾಯಿಸಿಕೊಳ್ಳಿ. ಬಿಡಬೇಕು ಅನ್ನಿಸಿದರೆ 14446ಕ್ಕೆ ಫೋನ್ ಮಾಡಿ, ಅದು ವ್ಯಸನಮುಕ್ತಿಗೆ ಇರುವ ಸರ್ಕಾರಿ ಸಹಾಯವಾಣಿ. ಹೆದರಿಸುತ್ತಿದ್ದೇನೆ ಅಂದಿರಲ್ಲ, ಸ್ವಲ್ಪ ಹೌದು.

ಪ್ರಶ್ನೆ: ಮಗ ಪಿಯುಸಿ. ತೆಳ್ಳಗಾಗಿದ್ದಾನೆ, ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ. ಅವನಿಗೆ ಗೊತ್ತಾಗದ ಹಾಗೆ ಯೂರಿನ್ ಟೆಸ್ಟ್ ಮಾಡಿಸಬಹುದಾ? ಮೆಡಿಕಲ್ ಶಾಪಲ್ಲಿ ಕಿಟ್ ಸಿಗುತ್ತಂತೆ.
ತಂದೆ, ಮಂಡ್ಯ

ಉತ್ತರ: ಕದ್ದು ಮಾಡಿಸಬೇಡಿ ಸ್ವಾಮಿ. ಮೆಥ್ ಯೂರಿನ್‌ನಲ್ಲಿ ಕಾಣಿಸುವುದು ಹೆಚ್ಚುಕಮ್ಮಿ ಎರಡರಿಂದ ನಾಲ್ಕು ದಿನ. ನೆಗೆಟಿವ್ ಬಂದರೆ ಹೋದ ವಾರ ತೆಗೆದುಕೊಂಡಿಲ್ಲ ಅಂತ ಅರ್ಥ ಅಲ್ಲ. ಕೆಲವು ನೆಗಡಿ ಮಾತ್ರೆ ನುಂಗಿದ್ದರೂ ಕಿಟ್ ಪಾಸಿಟಿವ್ ತೋರಿಸಿಬಿಡುತ್ತದೆ. ಪಿಯುಸಿ ಹುಡುಗ ತೆಳ್ಳಗಾಗಿ ಬಾಗಿಲು ಹಾಕಿಕೊಳ್ಳಲು ನೂರು ಕಾರಣ ಇರುತ್ತವೆ: ಪರೀಕ್ಷೆ, ಪ್ರೀತಿ, ಥೈರಾಯ್ಡು, ಸಕ್ಕರೆ ಕಾಯಿಲೆ. ಮೊದಲು ಅವನನ್ನು ಕೂರಿಸಿಕೊಂಡು ಮಾತಾಡಿ, ಒಬ್ಬರೇ, ಅವನಮ್ಮ ಅಳದೆ ಇರುವ ಹೊತ್ತಿನಲ್ಲಿ. ಆಮೇಲೆ ಮನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೂಕ, ಶುಗರ್, ಥೈರಾಯ್ಡ್ ನೋಡಿಸಿ. ಡಾಕ್ಟರಿಗೆ ಬೇಕು ಅನ್ನಿಸಿದರೆ ಯೂರಿನ್ ಟೆಸ್ಟನ್ನು ಅವನಿಗೆ ಹೇಳಿಯೇ ಮಾಡುತ್ತಾರೆ.